ಕಲ್ಲು ನಿಜ, ಜಾಗ ಸುಳ್ಳು

ಹೋದ ವರ್ಷ ಚಳಿಗಾಲದಲ್ಲಿ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಏಳನೇ ಕ್ಲಾಸಿನಲ್ಲಿರುವ ನಮ್ಮಣ್ಣನ ಮಗ, ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಂದು ಟೇಬಲ್ಲಿನ ಹಿಂದೆ ಎದೆಯುಬ್ಬಿಸಿ ನಿಂತಿದ್ದ. ಟೇಬಲ್ಲಿನ ಮೇಲೆ ಅಂಗೈಯಗಲದ ಕಪ್ಪು ಕಲ್ಲು, ಅದರೊಳಗೆ ಸುರುಳಿ ಸುತ್ತಿದ ಚಿಪ್ಪಿನ ಗುರುತು. ಮುಂದೆ ರಟ್ಟಿನ ಚೀಟಿ: "ಪಳೆಯುಳಿಕೆ. ದೊರೆತ ಸ್ಥಳ: ನಮ್ಮ ಅಡಿಕೆ ತೋಟ, ಉಬ್ರಾಣಿ, ಚನ್ನಗಿರಿ ತಾಲ್ಲೂಕು."

ಎರಡನೇ ಬಹುಮಾನ ಬಂದಿತ್ತು. ಗ್ರೂಪಿನಲ್ಲಿ ಚಪ್ಪಾಳೆ, ಹೂವು, ಕೈಮುಗಿಯುವ ಚಿತ್ರಗಳ ಮಳೆ. "ನಮ್ಮೂರು ಒಂದು ಕಾಲದಲ್ಲಿ ಸಮುದ್ರ ಆಗಿತ್ತು, ಹೆಮ್ಮೆ" ಅಂತ ಯಾರೋ ಬರೆದಿದ್ದರು.

ಆ ಕಲ್ಲು ನನ್ನದು. ಮೂರು ವರ್ಷದ ಹಿಂದೆ ಆಫೀಸಿನ ಗೆಳೆಯರ ಜೊತೆ ಹಿಮಾಚಲದ ಸ್ಪಿತಿಗೆ ಟ್ರೆಕ್ ಹೋದಾಗ ಲಾಂಗ್ಜಾ ಅನ್ನೋ ಹಳ್ಳಿಯಲ್ಲಿ ಒಬ್ಬ ಹುಡುಗನಿಂದ ಕೊಂಡದ್ದು. ಅಂಥದ್ದನ್ನು ಕೊಳ್ಳಬಾರದು ಅನ್ನೋ ಬುದ್ಧಿ ಆಮೇಲೆ ಬಂತು. ದೇವರ ಮನೆಯ ಸಾಲಿಗ್ರಾಮ ಇದರದೇ ಜಾತಿಯದು, ಅಮೋನೈಟ್ ಅನ್ನೋ ಕಡಲ ಪ್ರಾಣಿಯ ಗುರುತು. ಊರಿಗೆ ತಂದು ಪಂಪ್‌ಹೌಸಿನ ಕಿಟಕಿಯಲ್ಲಿಟ್ಟು ಮರೆತಿದ್ದೆ. ಹುಡುಗ ಅಲ್ಲಿಂದ ಎತ್ತಿಕೊಂಡು ಹೋಗಿದ್ದಾನೆ. ಪಂಪ್‌ಹೌಸು ತೋಟದಲ್ಲಿದೆ, ಕಲ್ಲು ಪಂಪ್‌ಹೌಸಿನಲ್ಲಿತ್ತು, ಹಾಗಾಗಿ ತೋಟದಲ್ಲಿ "ದೊರೆತದ್ದು".

ಫೋನ್ ಮಾಡಿ ನಗುತ್ತಲೇ ಕೇಳಿದೆ: "ಅಲ್ವೋ, ಅದು ಸ್ಪಿತಿದು ಅಂತ ನಿಂಗೆ ಗೊತ್ತಿತ್ತಲ್ವಾ?"

ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಕೇಳಿದ: "ಕಲ್ಲು ನಿಜಾನೇ ಅಲ್ವಾ ಚಿಕ್ಕಪ್ಪ?"

ಆ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. "ಆಮೇಲೆ ಮಾತಾಡೋಣ" ಅಂತ ಫೋನಿಟ್ಟೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಇದೇ ಮಾತನ್ನು ನನಗೆ ನಾನೇ ಒಂದು ಸಲ ಹೇಳಿಕೊಂಡಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಲ್ಲಿನ ಲೆಕ್ಕ ನೋಡೋಣ. ನಮ್ಮ ಸೀಮೆಯ ಮಣ್ಣಿನಡಿಯಲ್ಲಿರುವ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಗ್ರೂಪಿನಲ್ಲಿ ಬರೆದವರು ಅಪ್ಪಿತಪ್ಪಿ ಅರ್ಧ ನಿಜ ಹೇಳಿದ್ದರು. ಈ ಭಾಗದಲ್ಲಿ ಆಗ ಸಮುದ್ರ ಇದ್ದದ್ದು ಹೌದು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಹೆಪ್ಪುಗಟ್ಟಿ ನಿಂತಿದೆ, ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೆ ಆ ಸಮುದ್ರದಲ್ಲಿ ಚಿಪ್ಪೂ ಇರಲಿಲ್ಲ, ಮೀನೂ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಚಿಪ್ಪಿನ ಪ್ರಾಣಿಗಳು ಬಂದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ನನ್ನ ಲಾಂಗ್ಜಾ ಕಲ್ಲು ಇನ್ನೂ ಈಚಿನದು, 15 ಕೋಟಿ ವರ್ಷದ ಆಸುಪಾಸು. ಉಬ್ರಾಣಿಯ ಬಂಡೆಯಲ್ಲಿ ಅದು ಸಿಕ್ಕರೆ, ನಮ್ಮಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆಯಲ್ಲಿ ಸ್ಮಾರ್ಟ್‌ಫೋನ್ ಸಿಕ್ಕ ಹಾಗೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಕಲ್ಲನ್ನು ಯಾವ ತಜ್ಞರ ಕೈಗೆ ಕೊಟ್ಟರೂ ಅದು ಅಮೋನೈಟ್ ಅಂತ ಗುರುತಿಸುತ್ತಾರೆ, ಕಾಲವನ್ನೂ ಹೇಳಬಲ್ಲರು. ಆದರೆ ಅದು ಯಾವ ಗುಡ್ಡದ ಯಾವ ಪದರದಿಂದ ಬಂತು ಅಂತ ಹೇಳುವುದು ಚೀಟಿ ಮಾತ್ರ. ಚೀಟಿ ಬರೆದವನನ್ನು ನಂಬಬೇಕು, ಅಷ್ಟೇ.

ಈ ನಂಬಿಕೆಯ ಮೇಲೆ ಎಷ್ಟು ದೊಡ್ಡ ಕಟ್ಟಡ ನಿಂತಿದೆ ಅಂತ ನನಗೆ ಗೊತ್ತಾಗಿದ್ದು ಆ ಟ್ರೆಕ್ಕಿನಿಂದಲೇ. ಪಿನ್ ಭಾಬಾ ಕಣಿವೆ ದಾಟಿ ಇಳಿದರೆ ಸಿಗುವ ಮೊದಲ ಹಳ್ಳಿ ಮುಧ್. ಹಳೆಯ ಪುಸ್ತಕಗಳಲ್ಲಿ ಮುತ್ ಅಂತ ಬರೆಯುತ್ತಾರೆ. ಆ ಕಡೆ ಸುಣ್ಣ ಬಳಿದ ಗೋಡೆಯಂಥ ಬಿಳಿ ಬಂಡೆಯ ಸಾಲು ಕಾಣುತ್ತದೆ. 1860ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ ಈ ಹಳ್ಳಿಯ ಹೆಸರನ್ನೇ ಆ ಬಂಡೆಗೂ ಇಟ್ಟ. ಈಗ ಅದನ್ನು ಮುತ್ ಕ್ವಾರ್ಟ್ಝೈಟ್ ಅನ್ನುತ್ತಾರೆ. ಅದು ಡೆವೋನಿಯನ್ ಕಾಲದ್ದು, ಅಂದರೆ 41.9 ಕೋಟಿಯಿಂದ 35.9 ಕೋಟಿ ವರ್ಷಗಳ ಹಿಂದಿನ ಅವಧಿ. ಮೀನುಗಳ ಯುಗ ಅಂತಲೇ ಅದಕ್ಕೆ ಅಡ್ಡಹೆಸರು.

ಇಷ್ಟು ಹಳೆಯ ಬಂಡೆಯ ವಯಸ್ಸನ್ನು ಹೇಗೆ ಹೇಳುತ್ತಾರೆ ಅನ್ನೋದು ನಮ್ಮ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುವ ವಿಷಯ. ಡೆವೋನಿಯನ್ ಸಮುದ್ರದ ಬಂಡೆಗಳಿಗೆ ಮುಖ್ಯ ಗಡಿಯಾರ ಕೊನೊಡಾಂಟ್ ಅನ್ನೋ ಸೂಕ್ಷ್ಮ ಪಳೆಯುಳಿಕೆ. ಬಹುಪಾಲು ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುವ, ಹಲ್ಲಿನ ಆಕಾರದ ಚೂರುಗಳು. ಕೆಲವು ಕೆಜಿ ಸುಣ್ಣಕಲ್ಲನ್ನು ತೆಳುವಾದ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನಿಗರ್‌ನಲ್ಲಿರುವ ಆಮ್ಲದಲ್ಲಿ, ದಿನಗಟ್ಟಲೆ ನೆನೆಹಾಕುತ್ತಾರೆ. ಸುಣ್ಣ ಕರಗುತ್ತದೆ, ಫಾಸ್ಫೇಟಿನಿಂದಾದ ಕೊನೊಡಾಂಟ್ ಉಳಿಯುತ್ತದೆ. ತಳದಲ್ಲಿ ಉಳಿದದ್ದನ್ನು ಜರಡಿ ಹಿಡಿದು, ಮೈಕ್ರೋಸ್ಕೋಪಿನಡಿ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಆರಿಸುತ್ತಾರೆ. ಅಕ್ಕಿ ಆರಿಸಿದ ಹಾಗೆ. 1856ರಲ್ಲಿ ಇವನ್ನು ಮೊದಲು ವಿವರಿಸಿದ ಕ್ರಿಶ್ಚಿಯನ್ ಪ್ಯಾಂಡರ್ ಮೀನಿನ ಹಲ್ಲು ಅಂದುಕೊಂಡಿದ್ದ. ಹಲ್ಲಿನ ಒಡೆಯ ಯಾರು ಅಂತ ಗೊತ್ತಾಗಲು 127 ವರ್ಷ ಬೇಕಾಯಿತು. 1983ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಬಂಡೆಯಿಂದ ಬಂದ, ಹಾವುಮೀನಿನಂಥ ಒಂದು ಪುಟ್ಟ ಪ್ರಾಣಿಯನ್ನು ವಿವರಿಸಿದ ಮೇಲೆಯೇ ಆ ಪ್ರಶ್ನೆ ಬಗೆಹರಿದದ್ದು.

ಈ ಹಲ್ಲುಗಳ ಆಕಾರ ಬೇಗ ಬೇಗ ಬದಲಾಗುತ್ತಾ ಹೋಗಿದೆ, ಅದೇ ಇವುಗಳ ಉಪಯೋಗ. ಸಾಫ್ಟ್‌ವೇರಿನ ವರ್ಷನ್ ನಂಬರ್ ಇದ್ದ ಹಾಗೆ. ಇಂಥ ಆಕಾರ ಸಿಕ್ಕಿತು ಅಂದರೆ ಈ ಬಂಡೆ ಇಂಥ ಅವಧಿಯದು. ಕೆಲವು ಕಡೆ ಹತ್ತು ಲಕ್ಷ ವರ್ಷಕ್ಕಿಂತ ಸಣ್ಣ ಅವಧಿಯನ್ನೂ ಹಿಡಿಯಬಹುದು. ಆದರೆ ಕೊನೊಡಾಂಟ್ ಕಡಲಿನದು. ನದಿ, ಕೆರೆಯಲ್ಲಿ ಕೂತ ಮರಳುಗಲ್ಲಿಗೆ ಏನು ಮಾಡುವುದು? ಅಲ್ಲಿ ಮೀನು ಸಹಾಯಕ್ಕೆ ಬರುತ್ತದೆ. ಹಳೆಯ ಮೀನುಗಳ ಹುರುಪೆ, ಮೈಮೇಲಿನ ಮೂಳೆಯ ಫಲಕ, ಮುಳ್ಳು, ಹಲ್ಲು. ನದಿ ಸಮುದ್ರ ಸೇರುವ ಜಾಗದ ಪದರಗಳಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಅಲ್ಲಿ ಎರಡು ಗಡಿಯಾರಗಳನ್ನು ತಾಳೆ ಹಾಕಿಕೊಳ್ಳಬಹುದು, ಎರಡು ಸರ್ವರ್‌ಗಳ ಲಾಗ್‌ನಲ್ಲಿ ಒಂದೇ ಘಟನೆ ಹುಡುಕಿ ಸಮಯ ಹೊಂದಿಸುವ ಹಾಗೆ. ಡೆವೋನಿಯನ್ ಅನ್ನೋ ಹೆಸರು ಗಟ್ಟಿಯಾಗಿದ್ದೂ ಹೀಗೆ. 1839ರಲ್ಲಿ ಸೆಜ್ವಿಕ್ ಮತ್ತು ಮರ್ಚಿಸನ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಕಡಲ ಬಂಡೆಗಳನ್ನು ನೋಡಿ ಹೆಸರಿಟ್ಟರು, ಬಹಳ ಜನ ಒಪ್ಪಲಿಲ್ಲ. ಮುಂದಿನ ಎರಡು ವರ್ಷ ಮರ್ಚಿಸನ್ ರಷ್ಯಾ ಸುತ್ತಿದ. ಸ್ಕಾಟ್ಲೆಂಡಿನ ಕೆಂಪು ಮರಳುಗಲ್ಲಿನ ಮೀನುಗಳೂ ಡೆವನ್‌ನ ಚಿಪ್ಪುಗಳೂ ಅಲ್ಲಿ ಒಂದೇ ಬಂಡೆಯಲ್ಲಿ ಜೊತೆಯಾಗಿ ಸಿಕ್ಕವು. ವಾದ ಹೆಚ್ಚುಕಮ್ಮಿ ಮುಗಿಯಿತು.

ವಾದ ಮುಗಿಸಿದ್ದು ಮೀನೂ ಅಲ್ಲ, ಚಿಪ್ಪೂ ಅಲ್ಲ. ಎರಡೂ *ಒಂದೇ ಜಾಗದಲ್ಲಿ* ಸಿಕ್ಕವು ಅನ್ನೋ ಮಾತು.

ಈಗ ಹಿಮಾಲಯಕ್ಕೆ ವಾಪಸ್. ಮುತ್‌ನಂಥ ಬಂಡೆ ಹೆಚ್ಚಾಗಿ ಮರಳು. ಅದರಲ್ಲಿ ಪಳೆಯುಳಿಕೆ ಅಪರೂಪ. ಜಾಗಗಳು ದುರ್ಗಮ, ಗಡಿ ಪ್ರದೇಶ ಬೇರೆ, ವಿದೇಶೀಯರಿಗೆ ಸುಲಭದಲ್ಲಿ ಹೋಗಲಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿಂದ ಬರುವ ಒಂದೊಂದು ವರದಿಗೂ ಬಂಗಾರದ ಬೆಲೆ. 1960ರ ದಶಕದಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅಂಥ ವರದಿಗಳನ್ನು ನೂರಾರು ಲೆಕ್ಕದಲ್ಲಿ ಪ್ರಕಟಿಸಿದವರು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ. ಕೊನೊಡಾಂಟ್, ಅಮೋನಾಯ್ಡ್, ಮೀನು, ಎಲ್ಲದರ ಮೇಲೂ ಪ್ರಬಂಧ. ಪಳೆಯುಳಿಕೆಗಳನ್ನು ಬೇರೆ ಬೇರೆ ದೇಶಗಳ ತಜ್ಞರಿಗೆ ಕೊಡುತ್ತಿದ್ದರು. ಅವರು ಗುರುತಿಸಿ ವಿವರಿಸುತ್ತಿದ್ದರು, ಜಾಗದ ವಿವರ ಗುಪ್ತಾ ಬರೆಯುತ್ತಿದ್ದರು. ಪ್ರಬಂಧಕ್ಕೆ ಇಬ್ಬರ ಹೆಸರು.

ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್‌ಗೆ ಈ ರಾಶಿ ಹೊಂದಿಕೆಯಾಗಲಿಲ್ಲ. ಒಂದೇ ಮಾದರಿ ಬೇರೆ ಬೇರೆ ಪ್ರಬಂಧದಲ್ಲಿ ಬೇರೆ ಬೇರೆ ಜಾಗದ ಹೆಸರಿನಲ್ಲಿ ಬಂದಿತ್ತು. ಹಿಮಾಲಯದ್ದು ಎಂದು ಹೇಳಿದ ಕೊನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರದ ಆಮ್ಸ್‌ಡೆಲ್ ಕ್ರೀಕ್ ಅನ್ನೋ ಹೆಸರಾಂತ ತಾಣದವಕ್ಕೆ ತದ್ರೂಪ. ಅಮೋನಾಯ್ಡ್‌ಗಳು ಮೊರಾಕೊದಿಂದ ಬಂದು ಜಗತ್ತಿನ ಅಂಗಡಿಗಳಲ್ಲಿ ಮಾರಾಟವಾಗುವಂಥವು. ಟ್ಯಾಲೆಂಟ್ ಅಂಥದ್ದೊಂದನ್ನು ಪ್ಯಾರಿಸಿನ ಅಂಗಡಿಯಲ್ಲಿ ಕೊಂಡೂ ತಂದರು. 1987ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಡೆವೋನಿಯನ್ ಸಮ್ಮೇಳನದಲ್ಲಿ ಈ ಅನುಮಾನಗಳನ್ನು ಎಲ್ಲರೆದುರು ಇಟ್ಟರು. 1989ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಲೇಖನ ಬಂದಾಗ ಜಗತ್ತಿಗೆಲ್ಲ ಸುದ್ದಿಯಾಯಿತು. ಮುಂದಿನ ವರ್ಷ, 1990ರಲ್ಲಿ, ಟ್ಯಾಲೆಂಟ್ ಮತ್ತು ಸಂಗಡಿಗರ ವಿವರವಾದ ಲೇಖನವೊಂದನ್ನು ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಜರ್ನಲ್, ಬಿ.ಪಿ. ರಾಧಾಕೃಷ್ಣ ದಶಕಗಳ ಕಾಲ ಕಟ್ಟಿ ಬೆಳೆಸಿದ ಪತ್ರಿಕೆ. ನಮ್ಮ ದೇಶದ ವಿಜ್ಞಾನದ ಮಾನ ಹೋಗುತ್ತೆ ಅಂತ ಮುಚ್ಚಿಡಲಿಲ್ಲ. ನನಗೆ ಇದು ಓದಿ ಹೆಮ್ಮೆ ಅನ್ನಿಸಿತು.

ಗುಪ್ತಾ ಆರೋಪಗಳನ್ನು ಅಲ್ಲಗಳೆದರು. ವಿಶ್ವವಿದ್ಯಾಲಯದ ವಿಚಾರಣೆಯಲ್ಲಿ ತಪ್ಪಿತಸ್ಥ ಎಂದಾಯಿತು. ಆದರೆ ಕೆಲಸ ಉಳಿಯಿತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗುಪ್ತಾ ಅಲ್ಲ, ಫಿಲಿಪ್ ಜಾನ್ವಿಯೆ. ಪ್ಯಾರಿಸಿನ ದೊಡ್ಡ ಮೀನು ತಜ್ಞ, ಹಳೆಯ ಮೀನುಗಳ ಬಗ್ಗೆ ಗುಪ್ತಾ ಜೊತೆ ಪ್ರಬಂಧ ಬರೆದವರು. 1989ರಲ್ಲಿ ಅವರೂ ನೇಚರ್‌ಗೆ ಬರೆದರು. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ "ನಂಬಿಕೆ ಕುಸಿದಾಗ". ಅವರ ಮತ್ತು ಅಂಥ ಹತ್ತಾರು ಸಹಲೇಖಕರ ಸ್ಥಿತಿ ಯೋಚಿಸಿ. ಅವರು ಮಾಡಿದ ಕೆಲಸದಲ್ಲಿ ಸುಳ್ಳಿಲ್ಲ. ಎದುರಿಗಿದ್ದದ್ದು ನಿಜವಾದ ಪಳೆಯುಳಿಕೆ, ಅದನ್ನು ಪ್ರಾಮಾಣಿಕವಾಗಿ ವಿವರಿಸಿದ್ದಾರೆ. ಸುಳ್ಳಿದ್ದದ್ದು ಒಂದೇ ಸಾಲಿನಲ್ಲಿ, ಎಲ್ಲಿ ಸಿಕ್ಕಿತು ಅನ್ನೋ ಸಾಲಿನಲ್ಲಿ. ಆ ಸಾಲು ಅವರು ಬರೆದದ್ದಲ್ಲ.

ಅವರು ಹೋಗಿ ನೋಡಬೇಕಿತ್ತು ಅನ್ನಬಹುದು. ಸ್ವಲ್ಪ ಮಟ್ಟಿಗೆ ಸರಿ. ಆದರೆ ಪ್ರತಿಯೊಂದನ್ನೂ ಹೋಗಿ ನೋಡುತ್ತೇನೆ ಅಂದರೆ ಯಾವ ಕೆಲಸವೂ ಸಾಗುವುದಿಲ್ಲ. ನಾನು ಬಳಸುವ ಲೈಬ್ರರಿಗಳ ಒಳಗಿನ ಕೋಡನ್ನು ನಾನು ಸಾಲು ಸಾಲಾಗಿ ಓದಿಲ್ಲ, ನೀವೂ ಓದಿರಲಿಕ್ಕಿಲ್ಲ. ಇನ್ನೊಬ್ಬರನ್ನು ನಂಬುವುದು ಸೋಮಾರಿತನ ಅಲ್ಲ, ಹಂಚಿಕೊಂಡು ದುಡಿಯುವವರು ಮಾಡಲೇಬೇಕಾದ ಕೆಲಸ. ಹಾಗಾಗಿ ನಂಬಿಕೆಗೆ ಮೋಸ ಮಾಡಿದವನು ಒಬ್ಬ ಮನುಷ್ಯನಿಗೆ ಮಾತ್ರ ಮೋಸ ಮಾಡಿದ ಹಾಗಲ್ಲ. ಆ ಮನುಷ್ಯನ ಕೆಲಸ ನಂಬಿ ಮುಂದೆ ಕಟ್ಟುವ, ಮುಖ ನೋಡಿಲ್ಲದ ಎಲ್ಲರಿಗೂ ಮಾಡಿದ ಹಾಗೆ.

ಇದನ್ನು ಓದುವಾಗೆಲ್ಲ ನನಗೆ ನೆನಪಾಗುವುದು ನಮ್ಮ ತೋಟದ ಬಾಂದುಕಲ್ಲು.

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗಿನ ಮಾತು. ನಮ್ಮ ತೋಟದ ಪಡುವಣ ಬದುವಿನ ಆಚೆ ಒಬ್ಬರ ಜಮೀನು, ಅದರ ಆಚೆ ಇನ್ನೊಬ್ಬರದು. ಮಧ್ಯದವರ ಮನೆಯಲ್ಲಿ ಪಾಲಾಯಿತು, ಹದ್ದುಬಸ್ತಿಗೆ ಅರ್ಜಿ ಹಾಕಿದರು. ಸರ್ವೆಯರ್ ಬಂದು ಅಳೆದರೆ ಪಹಣಿಯಲ್ಲಿದ್ದಷ್ಟು ಜಾಗ ನೆಲದ ಮೇಲೆ ಇಲ್ಲ. ಎರಡು ಮೂಲೆಯ ಕಲ್ಲು ಮೊದಲೇ ಕಳೆದುಹೋಗಿದ್ದವು. ಉಳಿದ ಕಲ್ಲುಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವುದೋ ಒಂದು ಸರಿದಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ. ಆಚೆ ಬದಿಯವರು ಸ್ವಲ್ಪ ಜಗಳಗಂಟರು, ಹೀಗಾಗಿ ಅನುಮಾನ ಅವರ ಮೇಲೆ ಹೋಯಿತು. ಮಾತಿಗೆ ಮಾತು ಬೆಳೆದು ಎರಡು ಮನೆಯವರು ಒಬ್ಬರ ಮದುವೆಗೆ ಒಬ್ಬರು ಹೋಗದ ಹಾಗಾಯಿತು. ನಮ್ಮ ಮನೆ ಮರ್ಯಾದಸ್ಥರ ಮನೆ, ನಮ್ಮನ್ನು ಯಾರೂ ಕೇಳಲಿಲ್ಲ.

ಸರ್ವೆಯರ್ ಎರಡನೇ ಸಲ ಬಂದ ದಿನ ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋಗಿ, ಎಲ್ಲರೂ ಇರುವಾಗಲೇ ಹೇಳಿದರು: "ಈ ಕಲ್ಲು ನಮ್ಮಪ್ಪ ಸರಿಸಿದ್ದು. ಎಂಟು ಅಡಿ. ನಾನೇ ಲಾಟೀನು ಹಿಡ್ಕೊಂಡಿದ್ದೆ."

ಒಂಬತ್ತು ಅಡಿಕೆ ಮರ ಹೋದವು. ಅಮ್ಮ ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲ. ಸತ್ತು ಹದಿನೈದು ವರ್ಷವಾದ ಅಜ್ಜನ ಹೆಸರನ್ನು ಊರ ಬಾಯಿಗೆ ಹಾಕಿದ್ದು ಅವಳಿಗೆ ಮರಕ್ಕಿಂತ ಹೆಚ್ಚು ನೋವಾಗಿತ್ತು. ನಾನೂ ಕೇಳಿದೆ, "ಯಾರೂ ಕೇಳಿರಲಿಲ್ಲ, ಯಾಕೆ ಹೇಳೋಕೆ ಹೋದ್ರಿ?"

ಅಪ್ಪ ಹೇಳಿದ್ದು ಇಷ್ಟು: "ಕಲ್ಲು ಸರಿದೈತೆ ಅಂತ ಯಾರು ಬೇಕಾದ್ರೂ ಅಳೆದು ಹೇಳ್ತಾರೆ. ಯಾವ ಕಲ್ಲು, ಎಷ್ಟು ಅಡಿ, ಅಂತ ಗೊತ್ತಿರೋನು ನಾನೊಬ್ನೇ. ನಾನು ಹೋದ್ರೆ ಅದೂ ಹೋಗುತ್ತೆ. ಆಮೇಲೆ ಅವರಿಬ್ರು ಹಿಂಗೇ ಹೊಡೆದಾಡ್ತಿರ್ತಾರೆ."

ಆಗ ನನಗೆ ಅರ್ಥವಾಗಿರಲಿಲ್ಲ. ಹಿಮಾಲಯದ ಕಥೆ ಓದಿದಾಗ ಆಯಿತು. ಟ್ಯಾಲೆಂಟ್ ಎಷ್ಟೇ ದುಡಿದರೂ ಅವರು ತೋರಿಸಬಹುದಾದದ್ದು ಕಲ್ಲುಗಳು ತಾಳೆಯಾಗುವುದಿಲ್ಲ ಅನ್ನೋದನ್ನು. ಆ ನೂರಾರು ವರದಿಗಳಲ್ಲಿ ಯಾವುದು ನಿಜಕ್ಕೂ ಹಿಮಾಲಯದ್ದು, ಯಾವುದು ಅಲ್ಲ, ಒಂದೊಂದಾಗಿ ವಿಂಗಡಿಸಿ ಹೇಳಬಲ್ಲವರು ಒಬ್ಬರೇ ಇದ್ದರು. ಅವರು ಹೇಳಲಿಲ್ಲ. ಹಾಗಾದಾಗ ಉಳಿದವರಿಗೆ ಒಂದೇ ದಾರಿ: ಆ ಹೆಸರಿನ ವರದಿಯನ್ನೆಲ್ಲ ಪಕ್ಕಕ್ಕಿಟ್ಟು ಲೆಕ್ಕ ಮಾಡುವುದು. ಅದರಲ್ಲಿ ನಿಜವಾದ ಒಂದು ಮೀನಿನ ಹುರುಪೆ ಇದ್ದಿದ್ದರೆ, ಅದನ್ನೂ ನಂಬುವ ಹಾಗಿಲ್ಲ. ಸುಳ್ಳು ತನ್ನ ಪಕ್ಕದಲ್ಲಿರುವ ನಿಜವನ್ನೂ ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಮಾಡಿದವನ ಮೌನ ಅದನ್ನು ಕಾಯಂ ಮಾಡುತ್ತದೆ.

ಈಗ ನನ್ನ ಲಾಟೀನಿನ ವಿಷಯ.

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಒಂದು ಕಂಪನಿಯಲ್ಲಿ ಗ್ರಾಹಕರೊಬ್ಬರ ಸಿಸ್ಟಮ್ ಎಷ್ಟು ಭಾರ ತಡೆಯುತ್ತೆ ಅಂತ ಲೋಡ್ ಟೆಸ್ಟ್ ಮಾಡಿ ರಿಪೋರ್ಟ್ ಕೊಡಬೇಕಿತ್ತು. ಟೆಸ್ಟ್ ಮಾಡಬೇಕಾದ ಮಷಿನ್ ಬರುವುದು ತಡವಾಯಿತು. ರಿಪೋರ್ಟ್ ಕೊಡುವ ದಿನ ಬಂದೇಬಿಟ್ಟಿತು. ನಾನು ಪಕ್ಕದ ಟೀಮಿನ ಮಷಿನ್‌ನಲ್ಲಿ ಟೆಸ್ಟ್ ಓಡಿಸಿದೆ. ಅದು ಇದಕ್ಕಿಂತ ಎರಡು ಪಟ್ಟು ದೊಡ್ಡದು. ಬಂದ ನಂಬರನ್ನು ಹಾಗೇ ಬರೆದೆ. "ಟೆಸ್ಟ್ ಮಾಡಿದ ಮಷಿನ್" ಅನ್ನೋ ಕಾಲಮ್ಮಿನಲ್ಲಿ ಮಾತ್ರ ಇನ್ನೂ ಬಂದಿರದ ಮಷಿನ್ನಿನ ಹೆಸರು ಹಾಕಿದೆ. ಯಾರೂ ಹಾಗೆ ಮಾಡು ಅಂತ ಹೇಳಲಿಲ್ಲ. ನಾನೇ ಮಾಡಿದ್ದು. ಮಷಿನ್ ಬಂದ ಮೇಲೆ ಇನ್ನೊಮ್ಮೆ ಓಡಿಸಿ ಸರಿಮಾಡಿದರಾಯಿತು ಅಂದುಕೊಂಡೆ. ಮಷಿನ್ ಬರುವಷ್ಟರಲ್ಲಿ ನಾನು ಬೇರೆ ಪ್ರಾಜೆಕ್ಟಿನಲ್ಲಿದ್ದೆ.

ಆವತ್ತು ನನಗೆ ನಾನೇ ಹೇಳಿಕೊಂಡ ಮಾತು ಇದು: ನಂಬರ್ ನಿಜಾನೇ ಅಲ್ವಾ?

ಒಂದೂವರೆ ವರ್ಷದ ನಂತರ, ಹಾವೇರಿ ಕಡೆಯ ಒಬ್ಬ ಹೊಸ ಹುಡುಗ ಆ ರಿಪೋರ್ಟಿನ ನಂಬರ್ ಇಟ್ಟುಕೊಂಡು, ಹಬ್ಬದ ಮಾರಾಟಕ್ಕೆ ಎಷ್ಟು ಸರ್ವರ್ ಬೇಕು ಅಂತ ಲೆಕ್ಕ ಹಾಕಿದ. ಆ ರಾತ್ರಿ ಸಿಸ್ಟಮ್ ಮಲಗಿತು. ಎದ್ದದ್ದು ಬೆಳಿಗ್ಗೆ. ಆಮೇಲಿನ ಮೀಟಿಂಗಿನಲ್ಲಿ ಕಾರಣ ಅಂತ ಬರೆದದ್ದು: ಅಂದಾಜು ತಪ್ಪಾಗಿದೆ. ಅಂದಾಜು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಆ ಮೀಟಿಂಗಿನಲ್ಲಿದ್ದೆ. ಮುಗಿದ ಮೇಲೆ ಕಾಫಿ ಮಷಿನ್ ಹತ್ತಿರ ಅವನ ಹೆಗಲು ತಟ್ಟಿ "ಆಗುತ್ತೆ ಬಿಡು" ಅಂದೆ. ಅವನು ಕಣ್ಣು ತುಂಬಿಕೊಂಡು "ಥ್ಯಾಂಕ್ಸ್ ಸರ್" ಅಂದ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟ.

ಇಷ್ಟು ವರ್ಷ ನಾನು ಸುಮ್ಮನಿದ್ದದ್ದಕ್ಕೆ ನನ್ನ ಹತ್ತಿರ ಕಾರಣಗಳಿದ್ದವು. ಒಳ್ಳೆಯ ಕಾರಣಗಳೇ, ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದವು.

ಒಂದು, ನಾನು ಯಾರಿಗೂ ಕೆಡುಕು ಮಾಡಬೇಕು ಅಂತ ಮಾಡಿದ್ದಲ್ಲ. ನಿಜ. ಅಜ್ಜನೂ ಮಧ್ಯದವರ ಮೊಮ್ಮಕ್ಕಳು ಇನ್ನೊಂದು ಮನೆಯ ಮದುವೆ ತಪ್ಪಿಸಿಕೊಳ್ಳಲಿ ಅಂತ ಕಲ್ಲು ಸರಿಸಿರಲಿಲ್ಲ. ಸರಿಸುವವನು ಎಂಟು ಅಡಿ ನೋಡುತ್ತಾನೆ. ಆ ಕಲ್ಲಿನಿಂದ ಮುಂದೆ ಯಾರು ಯಾರು ಏನೇನು ಅಳೆಯುತ್ತಾರೆ ಅನ್ನೋದು ಅವನ ಕೈಯಲ್ಲಿಲ್ಲ. ಕೈಯಲ್ಲಿಲ್ಲ ಅನ್ನೋದೇ ಸರಿಸದೇ ಇರುವುದಕ್ಕೆ ಕಾರಣವಾಗಬೇಕಿತ್ತು.

ಎರಡು, ಅವನೂ ಪರೀಕ್ಷೆ ಮಾಡಿಕೊಳ್ಳಬೇಕಿತ್ತು. ಜಾನ್ವಿಯೆಗೂ ಇದನ್ನೇ ಹೇಳಬಹುದಲ್ಲ? ಹೇಳಬಹುದು. ಆದರೆ ಬೇರೆ ಯಾರಾದರೂ ಹೇಳಲಿ. ಕಲ್ಲು ಸರಿಸಿದವನು, ಅಳೆದವನಿಗೆ "ಸರಿಯಾಗಿ ಅಳೀಬೇಕಿತ್ತು" ಅಂತ ಹೇಳುವ ಹಾಗಿಲ್ಲ.

ಮೂರು, ಈಗ ಹೇಳಿ ಏನು ಪ್ರಯೋಜನ? ಸಿಸ್ಟಮ್ ಎದ್ದು ಎಷ್ಟೋ ಕಾಲವಾಯಿತು, ಕಂಪನಿಯೂ ಬದಲಾಯಿತು. ಈಗ ಹೇಳಿದರೆ ನನ್ನ ಮನಸ್ಸು ಹಗುರಾಗುತ್ತೆ, ಅವನಿಗೆ ಹಳೆಯ ಗಾಯ ಕೆದಕಿದ ಹಾಗಾಗುತ್ತೆ. ಈ ಮೂರನೆಯದೇ ಗಟ್ಟಿ ಕಾರಣ. ತಪ್ಪೊಪ್ಪಿಗೆ ಎಷ್ಟೋ ಸಲ ಸ್ವಾರ್ಥವೇ ಇರುತ್ತದೆ, ನನ್ನ ಭಾರವನ್ನು ನಿನ್ನ ತಲೆ ಮೇಲೆ ಇಳಿಸುವುದು. ಇದನ್ನು ನಾನು ಬಹಳ ನಂಬಿದ್ದೆ.

ಹೋದ ವರ್ಷ ದೀಪಾವಳಿಗೆ ಅವನು ಶುಭಾಶಯದ ಮೆಸೇಜ್ ಕಳಿಸಿದ್ದ. ಹಾಗೇ ಫೋನಿನಲ್ಲಿ ಮಾತಾಡಿದೆವು. ಚೆನ್ನಾಗಿದ್ದಾನೆ, ಮದುವೆಯಾಗಿದೆ. ಮಾತಿನ ಮಧ್ಯೆ ಅವನೇ ಹೇಳಿದ: "ನಂಗೆ ಆ ಕೆಪ್ಯಾಸಿಟಿ ಲೆಕ್ಕ ಎಲ್ಲ ಬರಲ್ಲ ಸರ್. ನಿಮಗೇ ಗೊತ್ತಲ್ಲ. ಅದಕ್ಕೇ ಆ ಕಡೆ ಹೋಗ್ಲೇ ಇಲ್ಲ."

ನಗುತ್ತಾ ಹೇಳಿದ. ನಾನೂ ನಕ್ಕೆ.

ಆಮೇಲೆ ಕೂತು ಯೋಚಿಸಿದರೆ, ನನ್ನ ಮೂರನೆಯ ಕಾರಣ ಉಳಿಯಲಿಲ್ಲ. ಅದೆಲ್ಲ ಮುಗಿದುಹೋಗಿದೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಆ ಹುಡುಗ ಇವತ್ತಿಗೂ ನಾನು ಸರಿಸಿಟ್ಟ ಕಲ್ಲಿನಿಂದಲೇ ತನ್ನನ್ನು ಅಳೆದುಕೊಳ್ಳುತ್ತಿದ್ದಾನೆ. ತಾಳೆಯಾಗದಿದ್ದಾಗ ತನ್ನ ಕಲ್ಲೇ ತಪ್ಪು ಅಂತ ಒಪ್ಪಿಕೊಂಡು, ಬದುಕಿನಲ್ಲಿ ಅಷ್ಟು ಜಾಗ ಬಿಟ್ಟುಕೊಟ್ಟಿದ್ದಾನೆ. ಯಾವ ಕಲ್ಲು, ಎಷ್ಟು ಅಡಿ ಅಂತ ಗೊತ್ತಿರುವವನು ನಾನೊಬ್ಬನೇ. ಇದನ್ನು ಹೇಳುವುದು ಮನಸ್ಸು ಹಗುರ ಮಾಡಿಕೊಳ್ಳಲು ಅಲ್ಲ. ಅವನ ವಸ್ತು ನನ್ನ ಹತ್ತಿರ ಇದೆ, ವಾಪಸ್ ಕೊಡಬೇಕು, ಅಷ್ಟೇ.

ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೂ ನಾನು ತಿಂಗಳುಗಟ್ಟಲೆ ಫೋನ್ ಮಾಡಲಿಲ್ಲ. ಸರಿ ಯಾವುದು ಅಂತ ಗೊತ್ತಾಗುವುದಕ್ಕೂ ಮಾಡುವುದಕ್ಕೂ ನಡುವೆ ಇಷ್ಟು ದೂರ ಇರುತ್ತೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಆ ದೂರದಲ್ಲಿ ನಿಂತಿದ್ದಾಗಲೇ ವಾಟ್ಸಾಪ್ ಗ್ರೂಪಿನಲ್ಲಿ ಅಣ್ಣನ ಮಗನ ಫೋಟೋ ಬಂದದ್ದು.

ಸಂಕ್ರಾಂತಿಗೆ ಊರಿಗೆ ಹೋದಾಗ ಅವನನ್ನು ಪಂಪ್‌ಹೌಸಿನ ಹತ್ತಿರ ಕೂರಿಸಿಕೊಂಡು ಹಿಮಾಲಯದ ಕಥೆ ಹೇಳಿದೆ, ಅವನ ಮುತ್ತಜ್ಜನ ಕಥೆಯನ್ನೂ ಹೇಳಿದೆ. ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿರಲಿಲ್ಲ. "ಕಲ್ಲು ನಿಜಾನೇ ಕಣೋ. ಆದ್ರೆ ಕಲ್ಲಿನ ಜೊತೆ ನೀನು ಒಂದು ಮಾತು ಕೊಟ್ಟಿದ್ದೀಯ. ಜನ ನೋಡಿದ್ದು ಕಲ್ಲನ್ನ, ನಂಬಿದ್ದು ಮಾತನ್ನ" ಅಂದೆ.

ಅವನು ಒಂದು ಪ್ರಾಯೋಗಿಕ ಪ್ರಶ್ನೆ ಕೇಳಿದ: "ಬಹುಮಾನ ವಾಪಸ್ ಕೊಡ್ಬೇಕಾ?"

"ನಿಮ್ ಮೇಷ್ಟ್ರಿಗೆ ಹೇಳು, ಅವರು ಹೇಳಿದ ಹಾಗೆ ಮಾಡು" ಅಂದೆ.

ಸೋಮವಾರ ಹೋ‌ಗಿ ಹೇಳಿದನಂತೆ. ಮೇಷ್ಟ್ರು ಬಹುಮಾನದ ಸ್ಟೀಲ್ ಡಬ್ಬಿ ಇಟ್ಟುಕೋ ಅಂದರಂತೆ, ಚೀಟಿ ಮಾತ್ರ ಹೊಸದು ಬರೆದುಕೊಂಡು ಬಾ ಅಂದರಂತೆ. ಅವನು ಬರೆದ ಹೊಸ ಚೀಟಿಯ ಫೋಟೋ ನನ್ನ ಫೋನಿನಲ್ಲಿದೆ: "ಅಮೋನೈಟ್. ದೊರೆತ ಸ್ಥಳ: ಲಾಂಗ್ಜಾ, ಸ್ಪಿತಿ. ಕೊಂಡು ತಂದವರು: ನಮ್ಮ ಚಿಕ್ಕಪ್ಪ (ಕೊಳ್ಳಬಾರದಿತ್ತು)."

ಆ ಚೀಟಿ ನೋಡಿದ ಸಂಜೆಯೇ ಹಾವೇರಿಯ ಹುಡುಗನಿಗೆ ಫೋನ್ ಮಾಡಿದೆ. ಹೇಗೆ ಹೇಳಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆ. ಬರೆದದ್ದು ಯಾವುದೂ ಬಾಯಿಗೆ ಬರಲಿಲ್ಲ. ಯಾವ ರಿಪೋರ್ಟು, ಯಾವ ಕಾಲಮ್ಮು, ನಿಜವಾಗಿ ಯಾವ ಮಷಿನ್ನು, ಎಷ್ಟು ಪಟ್ಟು ದೊಡ್ಡದು, ಇಷ್ಟನ್ನು ಹೇಳಿದೆ. ಆ ಮೀಟಿಂಗಿನಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ ಅಂತಲೂ ಹೇಳಿದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

ಕೊನೆಗೆ ಕೇಳಿದ: "ಹಂಗಾದ್ರೆ ನನ್ ಲೆಕ್ಕ ಸರಿ ಇತ್ತಾ ಸರ್?"

"ಸರಿ ಇತ್ತು" ಅಂದೆ.